ಕೇಳಿಸಿತು, ದಾಟಿಸಲಾಗಲಿಲ್ಲ

ನಾನು ಒಂದು ರಿಪೀಟರ್. ಹೆಸರು ನಿಮಗೆ ಹೊಸದಿರಬಹುದು. ಪೊಲೀಸರಲ್ಲೇ ಬಹಳ ಮಂದಿ ನನ್ನನ್ನು ‘ಆ ಹಸಿರು ಪೆಟ್ಟಿಗೆ’ ಎಂದೇ ಕರೆಯುತ್ತಿದ್ದರು. ಅವರ ಕೈಯಲ್ಲಿ ವಾಕಿಟಾಕಿ ನೋಡಿರುತ್ತೀರಿ. ಬಯಲಿನಲ್ಲಿ ಅದು ಎರಡು ಮೂರು ಮೈಲಿ ದೂರ ಮಾತು ಒಯ್ಯುತ್ತದೆ. ನಡುವೆ ಗುಡ್ಡವೊಂದು ಬಂದರೆ ಮುಗಿಯಿತು, ಆಚೆಯ ಮಾತು ಈಚೆಗೆ ಬರುವುದಿಲ್ಲ. ಆಗ ನನ್ನನ್ನು ಹೊತ್ತು ಗುಡ್ಡದ ನೆತ್ತಿಯ ಮೇಲೆ ಇಡುತ್ತಾರೆ. ಆಚೆಯವರು ಆಡಿದ್ದನ್ನು ಕೇಳಿ, ಕೇಳಿದ ಕ್ಷಣವೇ ಅದನ್ನು ಜೋರು ಮಾಡಿ ಎಲ್ಲರಿಗೂ ದಾಟಿಸುವುದು ನನ್ನ ಕೆಲಸ. ನನ್ನದು ಎನ್ನುವ ಮಾತು ಒಂದೂ ಇಲ್ಲ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯ ತಗಡಿನ ಶೆಡ್ಡಿನಲ್ಲಿ. ಫಿಲೋಮಿನಾ ಎಂಬ ಹೆಂಗಸು ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ನನ್ನ ಒಳಗಿನ ತಂತಿಗಳನ್ನು ಒಂದೊಂದಾಗಿ ಬೆಸೆದಳು. ಕೆಲಸ ಮುಗಿದ ಮೇಲೆ ಮೈಕ್ ಹಿಡಿದು ‘ಒಂದು, ಎರಡು, ಮೂರು’ ಎಂದಳು. ಅಂಗಳದ ಆಚೆ ನಿಂತವನು ಕೈ ಎತ್ತಿ ಕೇಳಿಸಿತು ಎಂದು ತೋರಿಸಿದ. ಅಲ್ಯೂಮಿನಿಯಂ ಪೆಟ್ಟಿಗೆ, ಹೆಗಲಿಗೆ ಹಾಕಿಕೊಳ್ಳಲು ಎರಡು ಪಟ್ಟಿ, ಮಡಚಿಡುವ ಆಂಟೆನಾ ಕಂಬ, ಹೊಟ್ಟೆಯಲ್ಲಿ ಬ್ಯಾಟರಿ. ಎರಡು ದೀಪ. ನಾನು ಕೇಳುತ್ತಿದ್ದರೆ ಹಸಿರು, ಮಾತು ದಾಟಿಸುತ್ತಿದ್ದರೆ ಕೆಂಪು. ಎರಡು ವರ್ಷದ ಮಗುವಿನಷ್ಟು ತೂಕವಿದ್ದೆ.

ಅಲ್ಲಿಂದ ನನ್ನನ್ನು ಉತ್ತರದ ಒಂದು ಜಿಲ್ಲೆಯ ಪೊಲೀಸ್ ವೈರ್‌ಲೆಸ್ ಶಾಖೆಗೆ ಕಳಿಸಿದರು. ಅಲ್ಲಿ ನನ್ನನ್ನು ಬಿಚ್ಚಿ ನೋಡಿದವನು ಹೆಡ್ ಕಾನ್‌ಸ್ಟೆಬಲ್ ಫಕ್ಕೀರಪ್ಪ ಬಾರಕೇರ. ಸದಾ ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದ. ಬಲಮೊಣಕಾಲು ನೋವಿನದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನನ್ನ ಕೊಂಡಿಗಳ ಧೂಳು ತೆಗೆಯುತ್ತಿದ್ದ. ಬಿಸಿಲಿಗೆ ಹೊರಟರೆ ತನ್ನ ತಲೆಗಿಂತ ಮೊದಲು ನನ್ನ ಮೇಲೆ ಟವೆಲ್ ಹಾಕುತ್ತಿದ್ದ. ಚುನಾವಣೆಗೆ, ಮೆರವಣಿಗೆಗಳ ಬಂದೋಬಸ್ತಿಗೆ, ಒಮ್ಮೆ ಸಕ್ಕರೆ ಕಾರ್ಖಾನೆಯ ಮುಷ್ಕರಕ್ಕೆ ನಾವಿಬ್ಬರೂ ಹೋದೆವು. ಮೊದಲ ವರ್ಷಗಳಲ್ಲಿ ನನ್ನ ಬ್ಯಾಟರಿ ಎಂಟು ತಾಸು ತಾಳುತ್ತಿತ್ತು. ಆರನೆಯ ವರ್ಷಕ್ಕೆ ಮೂರು ತಾಸಿಗೆ ಬಂತು. ಅದರ ಪಕ್ಕೆಗಳು ಊದಿಕೊಂಡಿದ್ದವು.

ಫಕ್ಕೀರಪ್ಪ ಹೊಸ ಬ್ಯಾಟರಿಗಾಗಿ ಮೇಲಿನ ಕಚೇರಿಗೆ ಪತ್ರ ಬರೆದ. ಉತ್ತರ ಬರಲಿಲ್ಲ. ಮತ್ತೆ ಬರೆದ. ಮೂರನೆಯ ಪತ್ರಕ್ಕೆ ಉತ್ತರ ಬಂತು. ಹಿಂದಿನ ಎರಡು ಪತ್ರಗಳ ನಕಲು ಲಗತ್ತಿಸಿ ಕಳಿಸಬೇಕು ಎಂದು ಅದರಲ್ಲಿತ್ತು.

ಅದೇ ಫೆಬ್ರವರಿಯಲ್ಲಿ ಬೆಣಚಿಗುಡ್ಡದ ಕರೆ ಬಂತು.

ಬೆಣಚಿಗುಡ್ಡ ಮರಗಳಿಲ್ಲದ ಗುಡ್ಡ. ಆಳೆತ್ತರದ ಹುಲ್ಲು, ನಡುವೆ ಕಲ್ಲುಬಂಡೆ. ಫೆಬ್ರವರಿಯಲ್ಲಿ ಆ ಹುಲ್ಲು ಒಣಗಿ ಬಿಳಿಚಿರುತ್ತದೆ, ಮುಟ್ಟಿದರೆ ಸರಸರ ಎನ್ನುತ್ತದೆ. ತಪ್ಪಲಿನ ಊರಿನ ಗುರುಶಾಂತಯ್ಯ ಎಂಬ ನಾಟಿ ವೈದ್ಯ, ಎಪ್ಪತ್ತು ದಾಟಿದ ಮುದುಕ, ಬೇರು ಅಗೆದು ತರಲು ಗುಡ್ಡಕ್ಕೆ ಹೋದವನು ಎರಡು ದಿನವಾದರೂ ಬಂದಿರಲಿಲ್ಲ. ಅವನನ್ನು ಹುಡುಕಲು ಆರು ಮಂದಿ ಹೊರಟರು. ಮುಂದಾಳು ಪಿಎಸ್‌ಐ ಮಹಾನಂದಾ ನೀಲಗುಂದ. ದಾರಿ ತೋರಿಸಲು ಅರಣ್ಯ ಇಲಾಖೆಯ ವಾಚರ್ ಠಾಕ್ರಪ್ಪ ಲಮಾಣಿ. ಉಳಿದ ನಾಲ್ವರು ಕಾನ್‌ಸ್ಟೆಬಲ್‌ಗಳು. ಅವರಲ್ಲಿ ಒಬ್ಬ ದಾವಲಸಾಬ ನದಾಫ.

ದಾವಲಸಾಬನಿಗೆ ಮೂವತ್ತೊಂದು ವರ್ಷ. ಫಕ್ಕೀರಪ್ಪನ ಮೊಣಕಾಲು ನೋಡಿ, ಕೇಳುವ ಮೊದಲೇ ನನ್ನನ್ನು ಎತ್ತಿ ಬೆನ್ನಿಗೆ ಹಾಕಿಕೊಂಡವನು ಅವನು. ಗುಡ್ಡದ ನೆತ್ತಿಯವರೆಗೂ ನನ್ನನ್ನು ಹೊತ್ತು ತಂದ. ಅವನ ಬೆನ್ನಿನ ಬೆವರು ನನ್ನ ತಗಡಿಗೆ ಹತ್ತಿತ್ತು. ಆ ದಿನ ಅವನು ಹೆಚ್ಚು ಮಾತಾಡಲಿಲ್ಲ. ಆರು ಜನಕ್ಕೆ ಐದೇ ವಾಕಿಟಾಕಿ ಇದ್ದವು. ಫಕ್ಕೀರಪ್ಪ ತನ್ನ ಸೊಂಟದ್ದನ್ನು ಬಿಚ್ಚಿ ಅವನಿಗೆ ಕೊಟ್ಟ.

“ನಂಗ ಈ ಪೆಟ್ಟಿಗಿ ಮೈಕ್ ಐತಿ. ನೀ ಒಯ್ಯಿ.”

ಗುಡ್ಡದ ಪೂರ್ವಕ್ಕೆ ಕೆಳಗೆ ರಸ್ತೆ. ಅಲ್ಲಿ ಜೀಪಿನಲ್ಲಿ ಇನ್‌ಸ್ಪೆಕ್ಟರ್ ಕೂತಿದ್ದರು. ಅವರು ಈ ಕಡೆಗೆ ಹೊಸದಾಗಿ ವರ್ಗವಾಗಿ ಬಂದವರು. ಪಶ್ಚಿಮಕ್ಕೆ ಆಳವಾದ ಹಳ್ಳ. ಹುಡುಕುವವರು ಇಳಿದದ್ದು ಆ ಹಳ್ಳಕ್ಕೆ. ಮೇಲೆ ನಾನು ಮತ್ತು ಫಕ್ಕೀರಪ್ಪ. ಅವರ ಮಾತು ಜೀಪಿಗೆ ಹೋಗಬೇಕಾದರೂ, ಅವರವರಲ್ಲೇ ಒಬ್ಬರಿಂದ ಒಬ್ಬರಿಗೆ ಹೋಗಬೇಕಾದರೂ ನನ್ನ ಮೂಲಕವೇ ಹೋಗಬೇಕು. ನನಗೆ ಹೊಂದಿಸಿದ ವಾಕಿಟಾಕಿ ಸೆಟ್ಟು ನಾನು ದಾಟಿಸಿದ್ದನ್ನು ಬಿಟ್ಟು ಬೇರೇನನ್ನೂ ಕೇಳದು. ನಾನು ನಿಂತರೆ ಆರೂ ಸೆಟ್ಟುಗಳು ಒಂದಕ್ಕೊಂದು ಕಿವುಡು.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮುದುಕ ಸಿಕ್ಕ. ಬಂಡೆಯ ಕೆಳಗಿನ ಪೊಟರೆಯಲ್ಲಿ, ಕಾಲು ಮುರಿದುಕೊಂಡು ಬಿದ್ದಿದ್ದ. ಜೀವ ಇತ್ತು. ನೀರು ಕುಡಿದ. ಎತ್ತಿದರೆ ನೋವಿಗೆ ಅರಚುತ್ತಿದ್ದ. ಮಹಾನಂದಾ ಯೋಚಿಸಿ ಸೆಟ್ಟಿನಲ್ಲಿ ಹೇಳಿದಳು: ಹಳ್ಳದ ಬಾಯಿಯವರೆಗೆ ಹೋಗಿ, ಊರವರು ಅಲ್ಲಿ ತಂದಿಟ್ಟ ಸ್ಟ್ರೆಚರ್, ಹಗ್ಗ, ನೀರು ತರಬೇಕು, ಅಷ್ಟನ್ನೂ ಕಲ್ಲಿನಲ್ಲಿ ಹೊರಲು ಐದೂ ಜನ ಬೇಕು, ಒಬ್ಬರು ಇಲ್ಲಿರಲಿ.

“ನಾ ಇರ್ತೀನ್ರಿ ಮೇಡಂ,” ಎಂದ ದಾವಲಸಾಬ.

ಅವರು ಹೊರಟು ಇಪ್ಪತ್ತು ನಿಮಿಷವಾಗಿರಲಿಲ್ಲ. ಗಾಳಿ ಪಶ್ಚಿಮದಿಂದ ಜೋರಾಯಿತು. ಫಕ್ಕೀರಪ್ಪ ಎದ್ದು ನಿಂತ. ಹಳ್ಳದ ಬಾಯಿಯ ಕಡೆ ಹೊಗೆ ಏಳುತ್ತಿತ್ತು. ಬೆಂಕಿ ಯಾರು ಹಚ್ಚಿದರೋ, ಎಲ್ಲಿಂದ ಬಂತೋ, ಇವತ್ತಿಗೂ ಗೊತ್ತಿಲ್ಲ. ನೋಡನೋಡುತ್ತಿದ್ದಂತೆ ಅದು ಹುಲ್ಲು ಹಿಡಿದು ಹಳ್ಳದೊಳಗೆ ಏರತೊಡಗಿತು. ಕೆಳಗಿನವರು ನೇರ ಅದರ ಕಡೆಗೇ ನಡೆಯುತ್ತಿದ್ದರು.

“ಮೇಡಂ, ಅಲ್ಲೇ ನಿಂದರ್ರಿ. ಮುಂದ ಬೆಂಕಿ ಬರಾಕತ್ತೈತಿ.”

“ನಮಗ ಬರೇ ಹೊಗಿ ಕಾಣಾಕತ್ತೈತಿ, ಫಕ್ಕೀರಪ್ಪ. ಯಾ ಕಡೆ ಹೋಗೂಣು ಹೇಳು.”

ಹಳ್ಳದೊಳಗಿನವರಿಗೆ ಹುಲ್ಲು ಬಿಟ್ಟರೆ ಏನೂ ಕಾಣದು. ಕಾಣುತ್ತಿದ್ದುದು ಮೇಲಿದ್ದ ಇವನೊಬ್ಬನಿಗೆ. ಎಡಕ್ಕೆ ಒಂದು ಪಟ್ಟಿ ನೆಲ ಆಗಲೇ ಸುಟ್ಟು ಕಪ್ಪಾಗಿತ್ತು. ಸುಟ್ಟ ನೆಲ ಮತ್ತೆ ಸುಡುವುದಿಲ್ಲ. ಅದನ್ನು ಮುಟ್ಟಬೇಕಾದರೆ ನಡುವಿನ ತೆಳು ಬೆಂಕಿಯ ಸಾಲನ್ನು ಹಾಯಬೇಕು. ಅದನ್ನು ಅವನು ಹೇಳತೊಡಗಿದ. ಅಷ್ಟರಲ್ಲಿ ಕೆಳಗಿನ ಜೀಪಿನಿಂದ ಇನ್‌ಸ್ಪೆಕ್ಟರ್ ಧ್ವನಿ ನಡುವೆ ನುಗ್ಗಿತು.

“ರಿಪೋರ್ಟ್ ಕೊಡಿ. ಎಷ್ಟು ಎಕರೆ ಹೊತ್ತಿದೆ? ಎಸ್‌ಪಿ ಸಾಹೇಬ್ರು ಫೋನ್‌ನಲ್ಲಿದ್ದಾರೆ.”

ಒಂದು ಮಾತು ನಿಮಗೆ ತಿಳಿದಿರಬೇಕು. ಕೇಳುವುದಕ್ಕೆ ನನಗೆ ಹೆಚ್ಚು ಶಕ್ತಿ ಬೇಡ. ದಾಟಿಸುವುದಕ್ಕೆ ಬೇಕು. ಯಾರೇ ಗುಂಡಿ ಒತ್ತಿ ಮಾತಾಡಲಿ, ಬೇಕಾದ್ದೋ ಬೇಡದ್ದೋ, ನನ್ನ ಬ್ಯಾಟರಿ ಕರಗುತ್ತದೆ. ಬೆಳಗಿನಿಂದ ಮೂರು ತಾಸು ಆಗಲೇ ಆಗಿತ್ತು. ಬ್ಯಾಟರಿ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಇತ್ತು. ಫಕ್ಕೀರಪ್ಪ ಅದನ್ನು ನೋಡಿದ.

“ಸರ್, ನೀವು ಮಾತಾಡಿದ್ರ ನನ್ನ ಬ್ಯಾಟರಿ ಹೋಗತೈತಿ. ದಯಮಾಡಿ ಸೆಟ್ ಮುಟ್ಟಬ್ಯಾಡ್ರಿ.”

“ಯಾರ ಹತ್ತಿರ ಮಾತಾಡ್ತಿದ್ದೀಯ ಅಂತ ಗೊತ್ತಿದೆಯಾ ನಿನಗೆ? ನಿನ್ನ ಹೆಸರೇನು, ನಂಬರ್ ಏನು?”

ಆ ಪ್ರಶ್ನೆಯನ್ನೂ ನಾನು ಚಾಚೂ ತಪ್ಪದೆ ಆರೂ ಸೆಟ್ಟುಗಳಿಗೆ ದಾಟಿಸಿದೆ. ನನಗೆ ಆರಿಸುವ ಶಕ್ತಿ ಇಲ್ಲ. ಫಕ್ಕೀರಪ್ಪ ಮಹಾನಂದಾಳಿಗೆ ಹೇಳಿದ: ಎಡಕ್ಕೆ ಹೊರಳಿ, ಕಲ್ಲಿನ ಗುಪ್ಪೆ ಬರುತ್ತದೆ, ಅದರ ಬೆನ್ನಿಗೆ ಬೆಂಕಿ ಮೊಣಕಾಲೆತ್ತರ ಇದೆ, ಮುಖ ಮುಚ್ಚಿಕೊಂಡು ಒಂದೇ ಓಟಕ್ಕೆ ಹಾಯಿರಿ. ಅವಳು ಕೇಳುತ್ತಾ ಹೋದಳು, ಇವನು ಹೇಳುತ್ತಾ ಹೋದ. ಆಮೇಲೆ ಎರಡು ನಿಮಿಷ ಏನೂ ಇಲ್ಲ. ಫಕ್ಕೀರಪ್ಪ ಲವಂಗ ಉಗಿದು ನಿಂತಿದ್ದ.

“ಬಂದ್ವಿ,” ಎಂದಳು ಮಹಾನಂದಾ. ಉಸಿರು ಸಿಗುತ್ತಿರಲಿಲ್ಲ. “ಕರಿ ನೆಲದಾಗ ಅದೀವಿ. ಠಾಕ್ರಪ್ಪನ ಕಾಲು ಸುಟ್ಟೈತಿ. ಐದೂ ಮಂದಿ ಅದೀವಿ. ದಾವಲಸಾಬಗ ದಾರಿ ಹೇಳು.”

ಫಕ್ಕೀರಪ್ಪ ಹಳ್ಳದ ಒಳಗನ್ನು ನೋಡಿದ. ಬೆಂಕಿ ಈಗ ಮುದುಕ ಮಲಗಿದ್ದ ಬಂಡೆಯ ಕಡೆ ತಿರುಗಿತ್ತು. ಬಂಡೆಯಿಂದ ಬಲಕ್ಕೆ ಮೂವತ್ತು ಹೆಜ್ಜೆ ದೂರದಲ್ಲಿ ಒಂದು ಬೋಳು ಹಾಸುಗಲ್ಲು ಇತ್ತು. ಅದರ ಮೇಲೆ ಒಂದು ಎಸಳು ಹುಲ್ಲೂ ಇರಲಿಲ್ಲ. ಮುದುಕನನ್ನು ಎಳೆದುಕೊಂಡಾದರೂ ಅಲ್ಲಿಗೆ ಹೋದರೆ ಇಬ್ಬರೂ ಉಳಿಯುತ್ತಿದ್ದರು.

ಅಷ್ಟರಲ್ಲಿ ದಾವಲಸಾಬನೇ ಕೇಳಿದ. “ಫಕ್ಕೀರಣ್ಣ, ಇಲ್ಲಿ ಹೊಗಿ ಬಂತು. ಅಜ್ಜಾರ್ನ ಕರಕೊಂಡು ಯಾ ಕಡೆ ಹೋಗ್ಲಿ?”

ಫಕ್ಕೀರಪ್ಪ ಮೈಕಿನ ಗುಂಡಿ ಒತ್ತಿದ. “ಬಲಕ್ಕ, ದಾವಲಸಾಬ. ಬಲಕ್ಕ ಮೂವತ್ತು ಹೆಜ್ಜಿ. ಬೋಳು ಬಂಡಿ ಐತಿ.”

ಕೆಂಪು ದೀಪ ಹೊತ್ತಲಿಲ್ಲ.

ಬ್ಯಾಟರಿ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ನನ್ನ ದಾಟಿಸುವ ಭಾಗ ತಾನಾಗಿಯೇ ನಿಂತುಹೋಗುತ್ತದೆ. ಕೇಳುವ ಭಾಗ ಇನ್ನೂ ಸ್ವಲ್ಪ ಹೊತ್ತು ಎಚ್ಚರ ಇರುತ್ತದೆ. ನನ್ನನ್ನು ಮಾಡಿದ್ದೇ ಹಾಗೆ. ಹಸಿರು ದೀಪ ಹೊತ್ತಿಯೇ ಇತ್ತು.

“ಕೇಳಸವಲ್ದು, ಅಣ್ಣಾ. ಮತ್ತೊಮ್ಮೆ ಹೇಳ್ರಿ,” ಎಂದ ದಾವಲಸಾಬ ನನ್ನೊಳಗಿನಿಂದ.

ಫಕ್ಕೀರಪ್ಪ ಮತ್ತೆ ಒತ್ತಿದ. ಮತ್ತೆ. ಬ್ಯಾಟರಿ ಹೊರಗೆ ಎಳೆದು ಅದರ ತುದಿಗಳನ್ನು ಅಂಗಿಯಿಂದ ತಿಕ್ಕಿ ಹಾಕಿದ. ಬಿಸಿಲಿಗೆ ಹಿಡಿದು ಹಾಕಿದ. ಹಳ್ಳದ ಅಂಚಿಗೆ ಓಡಿ ಎರಡೂ ಕೈ ಬಾಯಿಗೆ ಹಚ್ಚಿ ಕೂಗಿದ. ಬೆಂಕಿಯ ಸದ್ದು ಆಗಲೇ ಹಳ್ಳ ತುಂಬಿತ್ತು. ವಾಪಸು ಓಡಿಬಂದು ಇನ್ನೊಮ್ಮೆ ಗುಂಡಿ ಒತ್ತಿ, ‘ಬಲಕ್ಕ, ಬಲಕ್ಕ’ ಎಂದು ಮೈಕಿಗೆ ಹೇಳುತ್ತಲೇ ಇದ್ದ. ಅವನ ಪ್ರತಿ ಮಾತೂ ನನಗೆ ಮುಟ್ಟಿತು. ಒಂದೂ ನನ್ನಿಂದ ಹೊರಗೆ ಹೋಗಲಿಲ್ಲ.

ಮೈಕ್ ಕೆಳಗಿಟ್ಟ. ಬಾಟಲಿಯ ನೀರಿನಲ್ಲಿ ಟವೆಲ್ ನೆನೆಸಿ ಮುಖಕ್ಕೆ ಕಟ್ಟಿಕೊಂಡ. ಆ ಮೊಣಕಾಲಿನಲ್ಲಿ, ದಾರಿಯೇ ಇಲ್ಲದ ಕಡೆಯಿಂದ, ಹಳ್ಳಕ್ಕೆ ಇಳಿದುಹೋದ.

ಗುಡ್ಡದ ಮೇಲೆ ನಾನೊಬ್ಬನೇ ಉಳಿದೆ. ಆಮೇಲೆ ದಾವಲಸಾಬ ಆಡಿದ್ದನ್ನು ಕೇಳಿದವರು ಬೇರೆ ಯಾರೂ ಇಲ್ಲ.

“ಫಕ್ಕೀರಣ್ಣ, ಕೇಳಾಕತ್ತೀರೇನು? ಅಜ್ಜಾರು ‘ನೀ ಹೋಗಪ್ಪಾ, ನಂದು ಮುಗದೈತಿ’ ಅಂದ್ರು. ಈಗ ಮಾತು ನಿಂತೈತಿ. ಉಸಿರು ಐತಿ.”

ಸ್ವಲ್ಪ ಹೊತ್ತು ಬಿಟ್ಟು: “ಎತ್ತಿ ನೋಡಿದೆ. ನಾಕು ಹೆಜ್ಜಿ ಆತು. ಮುಂದ ಏನೂ ಕಾಣವಲ್ದು. ತಿರುಗಿ ಪೊಟರಿಗೆ ತಂದು ಮಲಗಿಸೀನಿ. ನೀವು ದಾರಿ ಹೇಳೂತನಕ ಇಲ್ಲೇ ಇರ್ತೀನಿ.”

ಕೆಮ್ಮು. ಬಹಳ ಹೊತ್ತು ಕೆಮ್ಮು.

“ನೀವು ಕೇಳಾಕತ್ತೀರಿ ಅಂತ ತಿಳಕೊಂಡ ಹೇಳ್ತೀನಿ. ಮುಂಜಾನಿ ರಾಜಬೀ ಕೂಡ ಜಗಳಾಡಿ ಬಂದೀನಿ. ರೊಟ್ಟಿ ಕಟ್ಟಿ ಇಟ್ಟಿದ್ಲು, ಅಲ್ಲೇ ಬಿಟ್ಟು ಬಂದೆ. ತಪ್ಪು ನಂದ ಇತ್ತು. ಅಕಿ ಅಂದಿದ್ದು ಖರೇ. ಅಷ್ಟು ಹೇಳ್ರಿ ಅಕಿಗೆ.”

ಇದಾದ ಮೇಲೆ ಮಾತಿಲ್ಲ. ಆದರೆ ಅವನ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ನಾಲ್ಕು ನಿಮಿಷ ನಾನು ಬರೀ ಬೆಂಕಿಯ ಸದ್ದು ಕೇಳಿದೆ. ಆಮೇಲೆ ಅದೂ ನಿಂತಿತು. ನನ್ನ ಹಸಿರು ದೀಪ ಇನ್ನೂ ಹತ್ತು ನಿಮಿಷ ಹೊತ್ತಿದ್ದು ಆರಿತು.

ಬೆಂಕಿ ಹಾಯ್ದುಹೋದ ಮೇಲೆ ಫಕ್ಕೀರಪ್ಪ ಅವರಿದ್ದಲ್ಲಿಗೆ ಮುಟ್ಟಿದ ಎಂದು ಆಮೇಲೆ ಕೇಳಿದೆ. ಅವನ ಎರಡೂ ಅಂಗೈ ಸುಟ್ಟಿದ್ದವು. ದಾವಲಸಾಬ ಪೊಟರೆಯ ಬಾಯಿಗೆ ಬೆನ್ನು ಕೊಟ್ಟು, ಮುದುಕನನ್ನು ಒಳಗೆ ಒತ್ತಿ ಹಿಡಿದು ಕೂತಿದ್ದ. ಅವನ ಜೀವ ಹೋಗಿತ್ತು. ಮುದುಕನಿಗೆ ಉಸಿರಿತ್ತು. ಒಂಬತ್ತು ದಿನದ ಮೇಲೆ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಗುರುಶಾಂತಯ್ಯ ಮೊದಲು ಕೇಳಿದ್ದು, “ಆ ಪೊಲೀಸಪ್ಪ ಹ್ವಾದ್ನಿಲ್ಲೋ?” ಎಂದು. ಅವನಿಗೆ ತಾನು ‘ಹೋಗು’ ಎಂದದ್ದರವರೆಗೆ ಮಾತ್ರ ನೆನಪಿತ್ತು.

ವಿಚಾರಣೆ ನಡೆಯಿತು. ನನ್ನನ್ನು ಮೇಜಿನ ಮೇಲೆ ಇಟ್ಟು, ಚೀಟಿ ಅಂಟಿಸಿ, ಹೊಸ ಬ್ಯಾಟರಿ ಹಾಕಿ ಪರೀಕ್ಷಿಸಿದರು. ಎರಡೂ ದೀಪ ಹೊತ್ತಿದವು. ‘ಉಪಕರಣ ಸುಸ್ಥಿತಿಯಲ್ಲಿದೆ’ ಎಂದು ಬರೆದರು. ಆ ಹೊಸ ಬ್ಯಾಟರಿಯನ್ನು ಪರೀಕ್ಷೆ ಮುಗಿದ ಮೇಲೆ ತೆಗೆದುಕೊಂಡು ಹೋದರು. ಪೋಸ್ಟ್ ಬಿಟ್ಟು ಯಾಕೆ ಹೋದೆ ಎಂದು ಫಕ್ಕೀರಪ್ಪನನ್ನು ಕೇಳಿದರು. ಮೇಲಧಿಕಾರಿಗೆ ಸುಮ್ಮನಿರಲು ಯಾಕೆ ಹೇಳಿದೆ ಎಂದು ಕೇಳಿದರು. ಅವನು ಮೂರು ಪತ್ರಗಳ ನಕಲು ಮುಂದಿಟ್ಟ. ಅದು ಈ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಮಹಾನಂದಾ ಎದ್ದು ನಿಂತು, “ನಾವ್ ಐದು ಮಂದಿ ಇವತ್ತು ಇಲ್ಲಿ ಕುಂತೀವಂದ್ರ ಈ ಮನುಷ್ಯಾನ ದೆಸಿಂದ” ಎಂದು ಹೇಳಿದಳು. ಅದನ್ನು ಬರೆದುಕೊಂಡರು. ಆದರೂ ಕರ್ತವ್ಯಲೋಪ ಎಂದೇ ತೀರ್ಮಾನವಾಯಿತು. ಮುಂದಿನ ವರ್ಷಗಳನ್ನು ಫಕ್ಕೀರಪ್ಪ ಉಗ್ರಾಣದ ಬಾಗಿಲು ಕಾಯುತ್ತಾ ಕಳೆದ. ನಾನೂ ಅದೇ ಉಗ್ರಾಣದ ಕಪಾಟಿನಲ್ಲಿದ್ದೆ.

ಒಂದು ಮಧ್ಯಾಹ್ನ ಅಲ್ಲಿಗೆ ದಾವಲಸಾಬನ ಹೆಂಡತಿ ರಾಜಬೀ ಬಂದಳು. ಸಣ್ಣ ಮೈಯ ಹೆಂಗಸು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಸ್ಟೂಲಿನ ತುದಿಯಲ್ಲಿ ಕೂತಳು.

“ಅಣ್ಣಾರ, ಕಡೀಕ ಏನರ ಅಂದ್ರೇನ್ರಿ ಅವರು?”

“ದಾರಿ ಕೇಳಿದ, ತಂಗಿ. ನನಗ ಹೇಳಾಕ ಆಗಲಿಲ್ಲ. ಅಷ್ಟು ನನ್ನ ಕಿವೀಲೆ ಕೇಳೀನಿ.”

“ಆಮ್ಯಾಲೆ?”

“ಆಮ್ಯಾಲೆ ನಾ ಅಲ್ಲಿ ಇರಲಿಲ್ಲ. ಇಳದು ಹೋಗಿದ್ದೆ.”

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಳು. “ಆವತ್ತು ಮುಂಜಾನಿ ನಾವಿಬ್ರೂ ಜಗಳಾಡಿದ್ವಿ. ರೊಟ್ಟಿ ಬಿಟ್ಟು ಹ್ವಾದ್ರು. ಆ ಸಿಟ್ಟು ಇಟ್ಕೊಂಡ ಹ್ವಾದ್ರೇನೋ ಅಂತ ನಂಗ. ಅದೊಂದ ಕೇಳಾಕ ಬಂದೆ.”

ಸುಳ್ಳೊಂದು ಫಕ್ಕೀರಪ್ಪನ ನಾಲಿಗೆಯ ತುದಿಗೆ ಬಂದದ್ದು ಮುಖದಲ್ಲೇ ಕಾಣುತ್ತಿತ್ತು. ಆ ಸುಳ್ಳು ನಿಜವೇ ಆಗಿರುತ್ತಿತ್ತು. ನಾನು ಮೂರು ಅಡಿ ದೂರದ ಕಪಾಟಿನಲ್ಲಿದ್ದೆ.

“ಗೊತ್ತಿಲ್ಲ, ತಂಗಿ,” ಎಂದ ಅವನು. “ಗೊತ್ತಿಲ್ಲದ್ದನ್ನ ಹೆಂಗ ಹೇಳ್ಲಿ.”

ಅವಳು ತಲೆಯಾಡಿಸಿ ಎದ್ದಳು. ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗೆ ಹೋದಳು. ಫಕ್ಕೀರಪ್ಪ ಸಂಜೆಯವರೆಗೆ ಅದೇ ಸ್ಟೂಲಿನ ಕಡೆ ನೋಡುತ್ತಾ ಕೂತಿದ್ದ. ಎರಡು ವರ್ಷದ ಮೇಲೆ ನಿವೃತ್ತನಾದ. ಹೋಗುವ ದಿನ ನನ್ನ ಕಡೆ ತಿರುಗಿ ನೋಡಲಿಲ್ಲ. ನಾನು ಅದನ್ನು ತಪ್ಪು ತಿಳಿಯಲಿಲ್ಲ.

ಹಳೆಯ ಸಾಮಾನುಗಳ ಹರಾಜಿನಲ್ಲಿ ನನ್ನನ್ನು ಒಂದು ಖಾಸಗಿ ಭದ್ರತಾ ಸಂಸ್ಥೆ ಕೊಂಡಿತು. ಗಾಳಿಯಂತ್ರಗಳ ಸಾಲೊಂದನ್ನು ಕಾಯುವವರು ಅವರು. ಬೇರೊಂದು ಗುಡ್ಡದ ಮೇಲೆ, ಒಂದು ಕಂಬದ ಬುಡದಲ್ಲಿ ನನ್ನನ್ನು ಕೂರಿಸಿದರು. ಅಲ್ಲಿನ ಮೇಲ್ವಿಚಾರಕ ಸಂಗನಬಸಪ್ಪ ಎಂಬುವನು ಪ್ರತಿ ಯುಗಾದಿಗೆ ನನ್ನ ಬ್ಯಾಟರಿ ಬದಲಾಯಿಸುತ್ತಿದ್ದ. ಯಾರೂ ಅವನಿಗೆ ಪತ್ರ ಬರೆಯಬೇಕಾಗಿರಲಿಲ್ಲ. ನಿಯಮದಲ್ಲಿ ಹಾಗಿತ್ತು, ಅವನು ಮಾಡುತ್ತಿದ್ದ.

ಒಂದು ದಿನ ಅಲ್ಲಿನ ಕಾವಲುಗಾರ್ತಿ ರೇಣವ್ವನ ಮೇಲೆ ಹೆಜ್ಜೇನು ಎದ್ದವು. “ಹನ್ನೊಂದನೇ ಕಂಬದ ಹಂತೇಕ ಬರ್ರಿ, ಹುಳ ಕಡ್ಯಾಕತ್ತಾವು,” ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ನಾನು ದಾಟಿಸಿದೆ. ಆರು ನಿಮಿಷದಲ್ಲಿ ಗಾಡಿ ಬಂತು. ಮರುವಾರ ಅವಳು ಕೆಲಸಕ್ಕೆ ಬಂದು, ಊದಿದ ತುಟಿಯಲ್ಲೇ ಎಲ್ಲರೊಂದಿಗೆ ಹರಟಿದಳು. ಎಲ್ಲರೂ ಸಂತೋಷಪಟ್ಟರು. ನನಗೆ ಆ ದಿನದಷ್ಟು ಸಂಕಟ ಹಿಂದೆಂದೂ ಆಗಿರಲಿಲ್ಲ. ಕೆಲಸ ಇಷ್ಟು ಸುಲಭದ್ದಾಗಿತ್ತು. ಹೊಟ್ಟೆಯಲ್ಲಿ ಒಂದು ಒಳ್ಳೆಯ ಬ್ಯಾಟರಿ, ಅಷ್ಟೇ ಸಾಕಾಗಿತ್ತು.

ಆಮೇಲೆ ಆ ಗುಡ್ಡಕ್ಕೂ ಮೊಬೈಲ್ ಟವರ್ ಬಂತು. ಕಾವಲುಗಾರರ ಕೈಗೆ ಹೊಸ ಫೋನುಗಳು ಬಂದವು. ನನ್ನನ್ನು ಎರಡು ಮಳೆಗಾಲ ಶೆಡ್ಡಿನ ಹೊರಗೆ ಬಿಟ್ಟರು. ಪಟ್ಟಿಗಳು ಕೊಳೆತವು. ಹೊಟ್ಟೆಯಲ್ಲಿ ಇರುವೆ ಗೂಡು ಕಟ್ಟಿದವು.

ಈಗ ನಾನಿರುವುದು ಪಟ್ಟಣದ ಹೊರಗಿನ ಗುಜರಿ ಅಂಗಳದಲ್ಲಿ. ನನ್ನ ಒಂದು ಕಡೆ ತುಕ್ಕು ಹಿಡಿದ ಏರ್‌ಕೂಲರ್ ಇದೆ, ಇನ್ನೊಂದು ಕಡೆ ಟಿವಿಗಳ ರಾಶಿ. ಸಾಮಾನುಗಳನ್ನು ಬಿಚ್ಚಿ ತಾಮ್ರವನ್ನು ಒಂದು ಕಡೆ, ಅಲ್ಯೂಮಿನಿಯಂ ಅನ್ನು ಇನ್ನೊಂದು ಕಡೆ ಮಾಡುವ ಕೆಲಸ ಹುಲಿಗೆವ್ವ ಮತ್ತು ಅವಳ ಅಕ್ಕನದು. ನನ್ನ ಸರದಿ ಇವತ್ತು ಬಂದಿದೆ.

ನನ್ನ ಮೇಲೆ ನನಗೆ ಸಿಟ್ಟಿಲ್ಲ. ನಾನು ಮಾಡಿದ ತಪ್ಪು ಯಾವುದು ಎಂದು ಬಹಳ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ. ತಪ್ಪು ಸಿಕ್ಕಿದ್ದರೆ ಭಾರ ಕಡಿಮೆಯಾಗುತ್ತಿತ್ತೇನೋ. ಆ ಮಾತುಗಳು ನನ್ನವಲ್ಲ. ನನ್ನೊಳಗೆ ಉಳಿಯಬೇಕಾದವೂ ಅಲ್ಲ. ಬಂದ ಕ್ಷಣವೇ ಅವು ಆಚೆಗೆ ಹೋಗಬೇಕಿತ್ತು. ಹೋಗಲಿಲ್ಲವಾದ್ದರಿಂದ ಇಷ್ಟು ವರ್ಷ ಹೊತ್ತೆ.

ಹುಲಿಗೆವ್ವ ನನ್ನನ್ನು ಎತ್ತಿ ತನ್ನ ಮುಂದೆ ಇಟ್ಟುಕೊಂಡಳು. ಸೆರಗಿನಿಂದ ಇರುವೆಗಳನ್ನು ಕೊಡವಿದಳು.

“ಇದೇನ ಅಕ್ಕಾ?”

“ಯಾವುದೋ ರೇಡಿಯೋ ಇರಬೇಕು. ಹಾಡು ಬರೂದು.”

ಹುಲಿಗೆವ್ವ ನನ್ನ ಮೈಕನ್ನು ಕೈಗೆ ತೆಗೆದುಕೊಂಡಳು. ಬಾಯಿ ಹತ್ತಿರ ಹಿಡಿದು, ಗುಂಡಿ ಒತ್ತಿ, ಅಕ್ಕನ ಕಡೆ ನೋಡಿ ನಕ್ಕಳು.

“ಹಲೋ. ಯಾರರ ಅದೀರೇನ್ರಿ ಆ ಕಡೆ?”

ಹೇಳಿದ ಮೇಲೆ, ಎಲ್ಲರೂ ಮಾಡುವ ಹಾಗೆ, ಉತ್ತರಕ್ಕಾಗಿ ಒಂದು ಕ್ಷಣ ಕಿವಿಗೊಟ್ಟಳು. ಆಮೇಲೆ ಮೈಕನ್ನು ಪಕ್ಕಕ್ಕಿಟ್ಟು ಸ್ಕ್ರೂಡ್ರೈವರ್ ತೆಗೆದುಕೊಂಡಳು.